ನೋಡುವುದರಲ್ಲಿಯೂ ಒಂದು ವ್ರತ

ಅಹಿಂಸೆ ಎಂಬ ಮಾತನ್ನು ಕೇಳಿದೊಡನೆ ಶ್ರಾವಕರ ಮನಸ್ಸು ಸಾಮಾನ್ಯವಾಗಿ ಕೈಯ ಕಡೆಗೆ ಹೋಗುತ್ತದೆ, ಇಲ್ಲವೇ ಬಾಯಿಯ ಕಡೆಗೆ ಹೋಗುತ್ತದೆ. ಕೊಲ್ಲಬಾರದು, ಹೊಡೆಯಬಾರದು, ಅಭಕ್ಷ್ಯವನ್ನು ತಿನ್ನಬಾರದು, ಕಟುವಾಗಿ ನುಡಿಯಬಾರದು. ಮನೆಯ ಹಿರಿಯರು ಮಕ್ಕಳಿಗೆ ಕಲಿಸುವುದೂ ಇದನ್ನೇ. ಕಣ್ಣಿನಿಂದಲೂ ಹಿಂಸೆಯಾದೀತೆ ಎಂದು ಯಾರಾದರೂ ಕೇಳಿದರೆ ಅದು ವಿನೋದದ ಪ್ರಶ್ನೆಯಂತೆ ತೋರಬಹುದು. ನೋಡುವುದರಿಂದ ಯಾರ ಗಂಟು ಹೋಗುತ್ತದೆ? ಕಾಡಿನ ಪ್ರಾಣಿಯನ್ನು ಪ್ರೀತಿಯಿಂದ ನೋಡಿ ಬರುವುದು ಜೀವದಯೆಗೆ ಪೋಷಕವೇ ಹೊರತು ಬಾಧಕವಲ್ಲ ಎಂದು ಮಧುಗಿರಿಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಬಹುಕಾಲ ನಂಬಿದ್ದರು. ಆ ನಂಬಿಕೆ ಅವರಲ್ಲಿ ಹೇಗೆ ಸಡಿಲಿತು, ಮತ್ತೆ ಹೇಗೆ ಬೇರೊಂದು ರೀತಿಯಲ್ಲಿ ಗಟ್ಟಿಯಾಯಿತು ಎಂಬುದೇ ಈ ಬರಹದ ವಿಷಯ.

ಊರಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರ ಸೇವಾವಧಿಯೆಲ್ಲ ಕಳೆದದ್ದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ. ಮಳೆ ಕಡಿಮೆ, ಬಂಡೆ ಹೆಚ್ಚು. ಕಡಲೆಕಾಯಿಯನ್ನೂ ರಾಗಿಯನ್ನೂ ನಂಬಿ ಬದುಕುವ ಸೀಮೆ ಇದು. ಬಸ್ಸಿನ ಕಿಟಕಿಯಿಂದ ಇದನ್ನು ನೋಡಿದ ಹೊರಗಿನವರು 'ಇಲ್ಲಿ ಏನೂ ಇಲ್ಲವಲ್ಲ' ಎಂದು ಹೇಳುವುದುಂಟು. ಮೇಷ್ಟ್ರಿಗೆ ಆ ಮಾತು ಸಹನೆಯಾಗುತ್ತಿರಲಿಲ್ಲ. ಇರುವುದು ಕಾಣಬೇಕಾದರೆ ಬಸ್ಸಿನಿಂದ ಇಳಿಯಬೇಕು, ಇಳಿದವರು ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು.

ಅವರು ಹೇಳುತ್ತಿದ್ದುದು ಉತ್ಪ್ರೇಕ್ಷೆಯಲ್ಲ. ಈ ಭಾಗದ ಬೆಟ್ಟಗಳಲ್ಲಿ ಬಂಡೆಗಳ ಸಂದಿಯೇ ಕರಡಿಗಳಿಗೆ ಮನೆ. ಅವುಗಳ ನೆಲೆಯಾದ ತಿಮ್ಮಲಾಪುರದ ಅರಣ್ಯವನ್ನು 2016ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರವೆಂಬ ಸಣ್ಣ ಜಿಂಕೆಯೂ ನಾಲ್ಕು ಕೊಂಬಿನ ಕೊಂಡುಕುರಿಯೂ ಇವೆ. ಅಲ್ಲಿನ ಸುಮಾರು 136 ಚದರ ಕಿಲೋಮೀಟರು ಪ್ರದೇಶ 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಅದೇ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರ ನಡುವಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ತಮ್ಮ ಮನೆಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳಂತೆ ಕಾಯುತ್ತಾರೆ. ಇನ್ನು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ದೊಡ್ಡ ಹಿಂಡುಗಳಿವೆ. ಸಮೀಪದಲ್ಲಿ ಹರಿಯುವ ಜಯಮಂಗಲಿ ನದಿಯ ಹೆಸರಿನಲ್ಲಿ ಆ 798 ಎಕರೆ ನೆಲವನ್ನು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಮಾಡಲಾಯಿತು. ಶಾಂತಿನಾಥ ತೀರ್ಥಂಕರರ ಲಾಂಛನ ಹರಿಣವೆಂಬುದನ್ನು ಬಸದಿಯಲ್ಲಿ ಕಂಡ ಮಕ್ಕಳಿಗೆ ಹರಿಣದ ಕುಲವನ್ನು ಜೀವಂತವಾಗಿ ತೋರಿಸಲು ಮೈದನಹಳ್ಳಿಗಿಂತ ಒಳ್ಳೆಯ ಸ್ಥಳ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಮೇಷ್ಟ್ರ ಮಗಳು ಮದುವೆಯಾಗಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನೆಲೆಸಿದ್ದಾರೆ. ಕೆಲವು ವರ್ಷಗಳ ಹಿಂದೆ ಮೇಷ್ಟ್ರು ಒಂದು ಬೇಸಿಗೆಯನ್ನು ಅವರೊಡನೆ ಕಳೆಯಲು ಹೋಗಿದ್ದರು. ಪ್ರಾಣಿಗಳೆಂದರೆ ತಂದೆಗೆ ಇರುವ ಆಸೆಯನ್ನು ಅರಿತಿದ್ದ ಮಗಳು ಒಂದು ದಿನ ಅವರನ್ನೂ ಹತ್ತು ವರ್ಷದ ಮಗನನ್ನೂ ರೈಲಿನಲ್ಲಿ ಚೆರ್ನೆಟ್ಸ್ ಎಂಬ ಊರಿಗೆ ಕರೆದುಕೊಂಡು ಹೋದರು. ಸ್ವಿಸ್ ರಾಷ್ಟ್ರೀಯ ಉದ್ಯಾನದ ಬಾಗಿಲು ಅದು. 1914ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಆಲ್ಪ್ಸ್ ಪರ್ವತಗಳಲ್ಲಿಯೇ ಅತ್ಯಂತ ಹಳೆಯದು. ಸುಮಾರು 170 ಚದರ ಕಿಲೋಮೀಟರು ವಿಸ್ತಾರದ ಈ ಪರ್ವತಭೂಮಿಯಲ್ಲಿ ಮರ ಕಡಿಯುವುದಿಲ್ಲ, ಹುಲ್ಲು ಕೊಯ್ಯುವುದಿಲ್ಲ, ಬೇಟೆಯಾಡುವುದಿಲ್ಲ. ಬಿದ್ದ ಮರ ಬಿದ್ದಲ್ಲಿಯೇ ಮಣ್ಣಾಗುತ್ತದೆ.

ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ. ಆದರೆ ಮೊದಲಿಗೇ ಒಂದು ಹಲಗೆ ನಿಂತಿದೆ. ಗುರುತು ಮಾಡಿದ ಕಾಲುದಾರಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದು. ಕುಳಿತುಕೊಳ್ಳುವುದಾದರೆ ಅದಕ್ಕೆಂದು ತೋರಿಸಿರುವ ಜಾಗದಲ್ಲಿಯೇ ಕುಳಿತುಕೊಳ್ಳಬೇಕು. ಹೂವನ್ನು ಕೀಳಬಾರದು, ಕಲ್ಲನ್ನು ಎತ್ತಿಕೊಳ್ಳಬಾರದು, ನಾಯಿಯನ್ನು ಹಗ್ಗ ಕಟ್ಟಿಯೂ ತರಬಾರದು. ತಪ್ಪಿದವರಿಗೆ ದಂಡ. ಹಿಮ ಬೀಳುವ ತಿಂಗಳುಗಳಲ್ಲಿ ದಾರಿಗಳನ್ನೇ ಮುಚ್ಚುತ್ತಾರೆ. ಮೇವಿಲ್ಲದ ಆ ಕಾಲದಲ್ಲಿ ಪ್ರಾಣಿಗಳು ಮೈಯಲ್ಲಿ ಉಳಿದಿರುವ ಕೊಬ್ಬಿನ ಮೇಲೆಯೇ ಬದುಕಬೇಕು; ಮನುಷ್ಯರನ್ನು ಕಂಡು ಹಿಮದಲ್ಲಿ ಓಡಿದ ಒಂದೊಂದು ಓಟವೂ ಅವುಗಳ ಆಯುಷ್ಯದಿಂದ ಕಳೆದಂತೆ.

ಅಂದು ಮೇಷ್ಟ್ರು ದುರ್ಬೀನಿನಲ್ಲಿ ಐಬೆಕ್ಸ್ ಎಂಬ ಕಾಡುಮೇಕೆಯನ್ನು ಕಂಡರು. ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಉದ್ದ ಕೊಂಬುಗಳ ಆ ಪ್ರಾಣಿ ಎದುರು ಬೆಟ್ಟದ ಕಡಿದಾದ ಬಂಡೆಯ ಮೇಲೆ ನಿಶ್ಚಲವಾಗಿ ನಿಂತಿತ್ತು. ಬೇಟೆಯಿಂದಾಗಿ ಆ ದೇಶದಲ್ಲಿ ಅದು ಸಂಪೂರ್ಣವಾಗಿ ನಶಿಸಿಹೋಗಿತ್ತು. ಇಟಲಿಯ ಗ್ರಾನ್ ಪಾರಾಡಿಸೊ ಪರ್ವತಗಳಲ್ಲಿ ಉಳಿದಿದ್ದ ಕೆಲವೇ ಮೇಕೆಗಳ ಸಂತತಿಯಿಂದ ಅದನ್ನು ಮರಳಿ ಬೆಳೆಸಿ, 1920ರಲ್ಲಿ ಈ ಉದ್ಯಾನದಲ್ಲಿ ಬಿಡಲಾಯಿತು ಎಂಬ ಸಂಗತಿಯನ್ನು ಮಗಳು ವಿವರಿಸಿದರು. ಹುಲ್ಲಿನ ಇಳಿಜಾರಿನಲ್ಲಿ ಮಾರ್ಮಟ್ ಎಂಬ ದೊಡ್ಡ ಅಳಿಲಿನಂತಹ ಪ್ರಾಣಿಗಳು ಬಿಲದ ಬಾಯಲ್ಲಿ ಎದ್ದು ನಿಂತು ಸಿಳ್ಳು ಹಾಕುತ್ತಿದ್ದವು. ಅದು ಹಾಡಲ್ಲ, ಎಚ್ಚರಿಕೆಯ ಕೂಗು. ಆ ಕೂಗು ಎದ್ದಾಗಲೆಲ್ಲ ಸುತ್ತಲಿನ ಮಾರ್ಮಟ್‌ಗಳು ಮೇಯುವುದನ್ನು ಬಿಟ್ಟು ಬಿಲಕ್ಕೆ ನುಗ್ಗುತ್ತಿದ್ದವು. ಅರ್ಧ ವರ್ಷ ನೆಲದೊಳಗೆ ನಿದ್ರಿಸುವ ಅವಕ್ಕೆ ಬೇಸಿಗೆಯ ಮೇವೇ ವರ್ಷದ ಬಂಡವಾಳ.

ಕಿರಿದಾದ ದಾರಿಯಲ್ಲಿ ಎದುರಿನಿಂದ ಕೆಲವರು ಬಂದರು. ಅವರಿಗೆ ದಾರಿ ಬಿಡಲೆಂದು ಮೇಷ್ಟ್ರು ಸೌಜನ್ಯದಿಂದ ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟರು. ತಕ್ಷಣವೇ ಮೊಮ್ಮಗ ಅವರ ಕೈಹಿಡಿದು ಎಳೆದ. "ತಾತ, ಕಾಲು ದಾರಿಯ ಮೇಲೆಯೇ ಇರಲಿ. ಹಲಗೆಯಲ್ಲಿ ಬರೆದಿದೆ" ಎಂದ.

ಮೇಷ್ಟ್ರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು, ಜೀವಿಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿ ಅವರಿಗೆ ನೆನಪಾಯಿತು. ಮುನಿಗಳು ಆತ್ಮಕಲ್ಯಾಣಕ್ಕಾಗಿ ಆಚರಿಸುವುದನ್ನು ಈ ದೇಶದಲ್ಲಿ ಸಾಮಾನ್ಯ ಗೃಹಸ್ಥರು, ಮಕ್ಕಳು ಸಹ, ಒಂದು ಹಗಲಿನ ಮಟ್ಟಿಗಾದರೂ ಆಚರಿಸುತ್ತಿದ್ದಾರಲ್ಲ ಎಂದು ಅವರು ಮೆಚ್ಚಿಕೊಂಡರು. ಊರಿಗೆ ಮರಳಿದ ಮೇಲೆ ಬಸದಿಯ ಜಗಲಿಯಲ್ಲಿ ಕುಳಿತವರಿಗೆಲ್ಲ ಮೊಮ್ಮಗನ ಆ ಮಾತನ್ನು ಹೆಮ್ಮೆಯಿಂದ ಹೇಳಿದರು.

ಅದಾದ ಆರು ವರ್ಷಗಳ ನಂತರ, ಜುಲೈ ತಿಂಗಳ ಶಾಲಾ ರಜೆಯಲ್ಲಿ, ಮೊಮ್ಮಗ ಮಧುಗಿರಿಗೆ ಬಂದ. ಈಗ ಅವನಿಗೆ ಹದಿನಾರು. ಕೊರಳಲ್ಲಿ ಒಳ್ಳೆಯ ಕ್ಯಾಮೆರಾ. ಹಿಂದಿನ ವಾರ ಪಾವಗಡದ ಬಂಧುಗಳ ಮನೆಗೆ ಹೋಗಿದ್ದಾಗ ತಿರುಮಣಿಯ ಕಡೆಯ ಸೌರ ವಿದ್ಯುತ್ ಉದ್ಯಾನವನ್ನು ಅವನು ನೋಡಿ ಬಂದಿದ್ದ. ಸುಮಾರು 13,000 ಎಕರೆ ನೆಲದಲ್ಲಿ ಕಣ್ಣು ಹಾಯುವಷ್ಟು ದೂರ ಗಾಜಿನ ಫಲಕಗಳು. 2,050 ಮೆಗಾವಾಟ್ ಉತ್ಪಾದನೆಯ ಸಾಮರ್ಥ್ಯ. "ಖಾಲಿ ಬಿದ್ದಿದ್ದ ನೆಲ ಎಷ್ಟು ಉಪಯೋಗಕ್ಕೆ ಬಂತು ತಾತ!" ಎಂದು ಅವನು ಬೆರಗಿನಿಂದ ಹೇಳಿದ. ಬಿಸಿಲಿನಿಂದ ವಿದ್ಯುತ್ತು ತಯಾರಾಗುವುದು ಒಳ್ಳೆಯದೇ. ಮಳೆಯನ್ನು ನಂಬಿ ಸೋತ ರೈತರಿಗೆ ಭೂಮಿಯ ಬಾಡಿಗೆ ಬಂದದ್ದೂ ಒಳ್ಳೆಯದೇ. ಮೇಷ್ಟ್ರು ಅದನ್ನು ಅಲ್ಲಗಳೆಯಲಿಲ್ಲ. 'ಖಾಲಿ' ಎಂಬ ಮಾತು ಮಾತ್ರ ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಖಾಲಿ ಎನ್ನಿಸುವ ಬಯಲಿನಲ್ಲಿ ಏನಿರುತ್ತದೆ ಎಂಬುದನ್ನು ತೋರಿಸಬೇಕೆಂದು ಅವನನ್ನು ಮೈದನಹಳ್ಳಿಗೆ ಕರೆದುಕೊಂಡು ಹೋಗಲು ನಿಶ್ಚಯಿಸಿದರು.

ಅರಣ್ಯ ಇಲಾಖೆಯವರ ಅನುಮತಿ ಪಡೆದು, ಬಾಡಿಗೆಯ ಕಾರಿನಲ್ಲಿ ಇಬ್ಬರೂ ಬೆಳಗಿನ ಜಾವವೇ ಹೊರಟರು. ಒಂದೆರಡು ಮಳೆ ಬಿದ್ದು ಹುಲ್ಲು ಆಗತಾನೇ ಹಸುರಾಗಿತ್ತು. ಗಾಡಿದಾರಿಯಿಂದ ಮುನ್ನೂರು ಹೆಜ್ಜೆಗಳ ದೂರದಲ್ಲಿ ಸುಮಾರು ನಲವತ್ತು ಕೃಷ್ಣಮೃಗಗಳ ಹಿಂಡು ಮೇಯುತ್ತಿತ್ತು. ಹೆಣ್ಣುಗಳು ಮಣ್ಣಿನ ಬಣ್ಣದವು. ನಡುವೆ ತಿರುಚಿದ ಕೊಂಬುಗಳ ಒಂದು ಕಪ್ಪು ಗಂಡು ತಲೆಯೆತ್ತಿ ಕಾರಿನತ್ತ ನೋಡುತ್ತಿತ್ತು. ಮೊಮ್ಮಗ ಒಂದಾದ ಮೇಲೊಂದು ಚಿತ್ರ ತೆಗೆದ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವನಿಗೆ ಬೇಸರ ಬಂತು.

"ತಾತ, ಇವು ಹಾರುವುದನ್ನು ನೋಡಬೇಕು. ಪುಸ್ತಕದಲ್ಲಿ ನೋಡಿದ್ದೇನೆ, ಎಲ್ಲವೂ ಒಟ್ಟಿಗೆ ಗಾಳಿಯಲ್ಲಿರುತ್ತವೆ" ಎಂದ.

ಕಾರಿನ ಚಾಲಕ ಉಪಕಾರಬುದ್ಧಿಯವನು. "ಅದಕ್ಕೇನ್ ಸಾರ್, ಹುಲ್ಲಿನ ಮೇಲೆ ಸ್ವಲ್ಪ ಜೋರಾಗಿ ಬಿಟ್ಟು ಹಾರ್ನ್ ಹೊಡೆದರೆ ಸಾಕು, ಚಿಮ್ಮಿಕೊಂಡು ಹೋಗ್ತವೆ. ಹೋದ ತಿಂಗಳು ಬಂದವರಿಗೂ ಹಾಗೇ ತೋರಿಸಿದ್ದೆ" ಎಂದು ಆಗಲೇ ಚಕ್ರವನ್ನು ತಿರುಗಿಸಿದ. ಹುಡುಗನ ಮುಖ ಅರಳಿತು. ಮೇಷ್ಟ್ರು ಮುಂದಕ್ಕೆ ಬಾಗಿ ಚಾಲಕನ ಭುಜದ ಮೇಲೆ ಕೈಯಿಟ್ಟು, "ಬೇಡಪ್ಪ, ನಿಲ್ಲಿಸು" ಎಂದರು. ಕಾರು ನಿಂತಿತು.

"ಒಂದೇ ಒಂದು ಸಲ ತಾತ. ಅವು ಓಡುವುದಕ್ಕೆಂದೇ ಹುಟ್ಟಿದವು. ಓಡಿದರೆ ಏನಾಗುತ್ತದೆ?"

"ಅಲ್ಲಿ, ನಿಮ್ಮ ಊರಿನ ಬೆಟ್ಟದಲ್ಲಿ, ನಾನು ಒಂದು ಹೆಜ್ಜೆ ಹುಲ್ಲಿನ ಮೇಲೆ ಇಟ್ಟದ್ದಕ್ಕೆ ನನ್ನ ಕೈಹಿಡಿದು ಎಳೆದೆಯಲ್ಲ ಮಗು?"

ಹುಡುಗ ಸ್ವಲ್ಪವೂ ಯೋಚಿಸದೆ, ಕಪಟವೂ ಇಲ್ಲದೆ ಉತ್ತರಿಸಿದ. "ಅಲ್ಲಿ ಹಲಗೆ ಇತ್ತು ತಾತ. ದಂಡ ಹಾಕುತ್ತಾರೆ. ಇಲ್ಲಿ ಯಾರು ನೋಡುತ್ತಾರೆ?"

ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ, ಇಲ್ಲಿಯೂ ಕಾವಲುಗಾರರಿದ್ದಾರೆ ಎಂದು ಮೇಷ್ಟ್ರು ಹೇಳಬಹುದಾಗಿತ್ತು. ಅದರಿಂದ ಹುಡುಗ ಸುಮ್ಮನಾಗುತ್ತಲೂ ಇದ್ದ. ಆದರೆ ಆರು ವರ್ಷಗಳಿಂದ ತಾವು ಹೆಮ್ಮೆಪಟ್ಟದ್ದು ಹಲಗೆಯ ವಿಷಯದಲ್ಲಿಯೇ ಹೊರತು ಹುಡುಗನ ವಿಷಯದಲ್ಲಿ ಅಲ್ಲ ಎಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಅವನನ್ನು ಗದರಿಸಲು ಬಾಯಿ ಬರಲಿಲ್ಲ. ಏಕೆಂದರೆ ಅದೇ ಸೀಮೆಯ ಹುಲ್ಲಿನಲ್ಲಿ ತಾವು ಮಾಡಿದ್ದ ಒಂದು ಕೆಲಸ, ನಲವತ್ತು ವರ್ಷಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದದ್ದು, ಅವರ ಎದುರಿಗೆ ಬಂದು ನಿಂತಿತ್ತು. ಅದನ್ನು ಅವರು ಅಲ್ಲಿಯೇ, ಕಾರಿನಲ್ಲಿ ಕುಳಿತೇ, ಹೇಳಿದರು.

ಆಗ ಅವರು ಆ ಕಡೆಯ ಒಂದು ಹಳ್ಳಿಯ ಶಾಲೆಗೆ ಹೊಸದಾಗಿ ಬಂದಿದ್ದ ತರುಣ ಶಿಕ್ಷಕ. ಒಂದು ಸಂಜೆ ಶಾಲೆ ಮುಗಿಸಿ ಬೀಳುಭೂಮಿಯ ನಡುವೆ ನಡೆದು ಬರುವಾಗ ಹುಲ್ಲಿನಲ್ಲಿ ಒಂದು ಕೃಷ್ಣಮೃಗದ ಮರಿ ಮಲಗಿರುವುದು ಕಂಡಿತು. ಹುಟ್ಟಿ ಕೆಲವೇ ದಿನಗಳಾಗಿರಬೇಕು. ಕತ್ತನ್ನು ನೆಲಕ್ಕೆ ಚಾಚಿ, ಕಣ್ಣು ತೆರೆದು, ಅಲುಗದೆ ಮಲಗಿತ್ತು. ಹತ್ತಿರ ಹೋದರೂ ಏಳಲಿಲ್ಲ. ಸುತ್ತ ನೋಡಿದರು, ತಾಯಿ ಕಾಣಲಿಲ್ಲ. ಕತ್ತಲಾಗುತ್ತಿತ್ತು, ಊರಿನ ನಾಯಿಗಳು ಅಲ್ಲಿಗೆ ಬರುವುದನ್ನು ಅವರು ಬಲ್ಲರು. ತಬ್ಬಲಿ ಮರಿ ಎಂದು ಮನಸ್ಸು ಕರಗಿತು. ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು ಮನೆಗೆ ತಂದರು. ಅವರ ಪತ್ನಿ ಹಸುವಿನ ಹಾಲಿನಲ್ಲಿ ಬಟ್ಟೆಯ ಬತ್ತಿಯನ್ನು ಅದ್ದಿ ಅದರ ಬಾಯಿಗೆ ಹಿಡಿದರು. ಅಕ್ಕಪಕ್ಕದವರು ಬಂದು ನೋಡಿದರು. ಇದಲ್ಲವೇ ಜೀವದಯೆ ಎಂದು ಹೊಗಳಿದರು. ಶಾಂತಿನಾಥ ಸ್ವಾಮಿಯ ಲಾಂಛನವೇ ನಿಮ್ಮ ಮನೆಗೆ ನಡೆದು ಬಂದಿದೆ ಎಂದು ಒಬ್ಬ ಮುತ್ತೈದೆ ಆರತಿಯನ್ನೂ ಎತ್ತಿದರು. ನಾಲ್ಕನೆಯ ದಿನ ಬೆಳಿಗ್ಗೆ ಮರಿ ಸತ್ತಿತ್ತು.

ಅದನ್ನು ಹಿತ್ತಲಿನಲ್ಲಿ ಹೂತ ಮರುದಿನ ಕುರಿ ಕಾಯುವ ಒಬ್ಬ ಮುದುಕ ಬಾಗಿಲಿಗೆ ಬಂದ. ವಿಷಯ ಅವನ ಕಿವಿಗೂ ಬಿದ್ದಿತ್ತು. ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. "ತಾಯಿ ಅಲ್ಲೇ ಇತ್ತು ಮೇಷ್ಟ್ರೇ, ಆ ಜಾಲಿಗಿಡದ ಮಗ್ಗುಲಾಗೆ. ನೀವು ನಿಂತಿದ್ರಲ್ಲ, ಅದಕ್ಕೇ ಹತ್ರ ಬರಲಿಲ್ಲ. ಎಳೇ ಮರೀನ ಹಂಗೇ ಹುಲ್ಲಾಗೆ ಮಲಗಿಸಿ ದೂರ ಮೇಯ್ತವೆ, ಹಾಲು ಕುಡ್ಸೋಕೆ ಮಾತ್ರ ಬತ್ತವೆ. ನೀವು ಹೋದಮೇಲೂ ಮೂರು ದಿನ ಅಲ್ಲೇ ಸುತ್ತಾಡ್ತಿತ್ತು" ಎಂದಷ್ಟೇ ಹೇಳಿ ಹೋದ.

ಮೇಷ್ಟ್ರು ಮಾತು ನಿಲ್ಲಿಸಿದರು. ಆ ಮುದುಕನ ಮಾತನ್ನು ಕೇಳಿದವರು ಅವರೂ ಅವರ ಪತ್ನಿಯೂ ಇಬ್ಬರೇ. ಪತ್ನಿ ತೀರಿಕೊಂಡು ಹಲವು ವರ್ಷಗಳಾಗಿದ್ದವು.

ಸ್ವಲ್ಪ ಹೊತ್ತಾದ ಮೇಲೆ ಹುಡುಗ ಸಮಾಧಾನ ಹೇಳುವವನಂತೆ, "ನೀವು ಕೆಟ್ಟದ್ದನ್ನು ಮಾಡಲು ಹೋಗಲಿಲ್ಲ ತಾತ. ಉಳಿಸಲು ಹೋದಿರಿ" ಎಂದ.

"ಮರಿಗೆ ಅದು ತಿಳಿಯಲಿಲ್ಲವಲ್ಲಪ್ಪ" ಎಂದರು ಮೇಷ್ಟ್ರು. ಬಳಿಕ ಹಿಂಡಿನ ಕಡೆಗೆ ಕೈತೋರಿಸಿ, "ಇದರಲ್ಲಿ ಎಷ್ಟು ತಾಯಂದಿರಿವೆಯೋ, ಅವುಗಳ ಮರಿಗಳು ಈ ಹುಲ್ಲಿನಲ್ಲಿ ಎಲ್ಲಿ ಮಲಗಿವೆಯೋ ನಮಗೆ ಕಾಣುವುದಿಲ್ಲ. ದೊಡ್ಡವು ಓಡುತ್ತವೆ, ನಿಜ. ಎಳೆಯವು ಓಡುವುದಿಲ್ಲ, ಇನ್ನಷ್ಟು ಒತ್ತಿ ಮಲಗುತ್ತವೆ. ಗಾಡಿಯ ಚಕ್ರ ಎಲ್ಲಿ ಹಾಯುತ್ತದೆಂದು ಯಾರು ಬಲ್ಲರು? ತಾಯಿ ಓಡಿಹೋದ ಮೇಲೆ ನಾಯಿ ಬಂದರೆ ಯಾರು ಕಾಯುತ್ತಾರೆ?" ಎಂದು ಕೇಳಿದರು.

ಇದಕ್ಕೆ ಉತ್ತರವನ್ನು ಚಾಲಕನೇ ಕೊಟ್ಟ. "ಇಷ್ಟು ಸಲ ಬಂದಿದ್ದೀನಿ ಯಜಮಾನ್ರೇ, ಕೆಳಗೆ ಮರಿ ಇರಬಹುದು ಅಂತ ಹೊಳೀಲೇ ಇಲ್ಲ" ಎಂದು, ಹುಲ್ಲಿಗೆ ಇಳಿದಿದ್ದ ಮುಂದಿನ ಚಕ್ರವನ್ನು ಮೆಲ್ಲನೆ ಹಿಂದಕ್ಕೆ ತಂದು ಗಾಡಿದಾರಿಯ ಮೇಲೆ ನಿಲ್ಲಿಸಿದ.

ಅಂದು ಅವರು ಹಿಂದಿರುಗಿ ಬಂದು ವೀಕ್ಷಣಾ ಗೋಪುರವನ್ನು ಹತ್ತಿ ಕುಳಿತರು. ಹುಡುಗನಿಗೆ ಮೊದಲ ಅರ್ಧ ಗಂಟೆ ಶಿಕ್ಷೆಯಂತೆಯೇ ಇತ್ತು. ಆಮೇಲೆ ಕಾರಿನ ಸದ್ದಿಗೆ ಬೆದರಿದ್ದ ಹಿಂಡು ನೆಮ್ಮದಿಯಾಗಿ ಹರಡಿಕೊಂಡಿತು. ಎರಡು ಗಂಡುಗಳು ಕೊಂಬಿಗೆ ಕೊಂಬು ತಾಗಿಸಿ ನೂಕಾಡಿ ಬಿಟ್ಟುಬಿಟ್ಟವು. ಯಾವ ಕಾರಣಕ್ಕೋ ಒಂದು ಎಳೆಯ ಪ್ರಾಣಿ ತಾನಾಗಿಯೇ ಎರಡು ಮೂರು ಬಾರಿ ಚಿಮ್ಮಿ ಹಾರಿತು. ಎರಡು ಗಂಟೆಗಳಾಗುತ್ತಾ ಬಂದಾಗ ಒಂದು ಹೆಣ್ಣು ಹಿಂಡಿನಿಂದ ಬೇರೆಯಾಗಿ, ನಿಂತು ನಿಂತು ಸುತ್ತಲೂ ನೋಡುತ್ತಾ ಎತ್ತರದ ಹುಲ್ಲಿನ ಬಳಿಗೆ ಹೋಯಿತು. ತಲೆ ತಗ್ಗಿಸಿತು. ಅದರ ಹೊಟ್ಟೆಯ ಕೆಳಗೆ ಹುಲ್ಲಿನೊಳಗಿಂದ ಒಂದು ಸಣ್ಣ ಪ್ರಾಣಿ ಎದ್ದು ನಿಂತಿತು. ಕಾರು ಹುಲ್ಲಿಗೆ ಇಳಿದು ಹಿಂಡಿನತ್ತ ನುಗ್ಗಬೇಕೆಂದಿದ್ದ ಜಾಗಕ್ಕೂ ಅದಕ್ಕೂ ಹೆಚ್ಚು ದೂರವಿರಲಿಲ್ಲ. ಹುಡುಗ ದುರ್ಬೀನನ್ನು ತಾತನ ಕೈಗೆ ಕೊಟ್ಟ. ಮೇಷ್ಟ್ರಿಗೆ ಕಣ್ಣು ಮಂಜಾಗಿ ಸ್ಪಷ್ಟವಾಗಿ ಕಾಣಲಿಲ್ಲ, ಕಂಡಿತೆಂದು ಹೇಳಿದರು.

ಈ ಪ್ರಸಂಗವನ್ನು ಒಂದು ಕುಟುಂಬದ ಕತೆಯೆಂದು ಬಿಟ್ಟುಬಿಡುವಂತಿಲ್ಲ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಪ್ರಯೋಜನವಿಲ್ಲದೆ ಜೀವಿಗಳಿಗೆ ಬಾಧೆಯುಂಟುಮಾಡುವುದರಿಂದ ದೂರವಿರುವುದೇ ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತಾ, ಪ್ರಮಾದಚರ್ಯೆ ಎಂಬುದರಲ್ಲಿ ನಿಷ್ಕಾರಣವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆಣಕುವುದನ್ನೂ ಗಿಡಗಳನ್ನು ಕಡಿಯುವುದನ್ನೂ ಸೇರಿಸಿ, ಕೊನೆಗೆ ವೃಥಾ ಅಲೆಯುವುದನ್ನೂ ಇತರರನ್ನು ವೃಥಾ ಅಲೆಸುವುದನ್ನೂ ಸೇರಿಸಿದ್ದಾರೆ. ಒಂದು ಛಾಯಾಚಿತ್ರಕ್ಕಾಗಿ ಹಿಂಡನ್ನು ಓಡಿಸುವುದಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು. ರೈತನು ಹೊಲದಿಂದ ಜಿಂಕೆಯನ್ನು ಅಟ್ಟುವುದಕ್ಕೆ ಕಾರಣವುಂಟು; ಅವನ ಕಡಲೆಕಾಯಿಯ ಬೆಳೆ ಅದರ ಬಾಯಿಗೆ ಹೋಗುತ್ತದೆ. ನೋಡಲು ಬಂದವನಿಗೆ ಆ ಕಾರಣವೂ ಇಲ್ಲ.

ಎರಡನೆಯ ಮಾತು ದಯೆಗೆ ಸಂಬಂಧಿಸಿದ್ದು. ಮೊಮ್ಮಗನಲ್ಲಿ ಕೊರತೆಯಾಗಿದ್ದುದು ನಿಯಮವಲ್ಲ, ಅದು ಅವನಿಗೆ ತಿಳಿದಿತ್ತು. ತಾತನಲ್ಲಿ ಕೊರತೆಯಾಗಿದ್ದುದು ದಯೆಯಲ್ಲ, ಅದು ತುಂಬಿ ಹರಿಯುತ್ತಿತ್ತು. ಹೊರಗಿನಿಂದ ಬಂದ ನಿಯಮ ಹಲಗೆ ಇರುವಷ್ಟು ದೂರ ಮಾತ್ರ ಜೊತೆಗೆ ಬರುತ್ತದೆ. ತಿಳಿವಳಿಕೆಯಿಲ್ಲದ ದಯೆ ತಾಯಿಯಿಂದ ಮರಿಯನ್ನು ಅಗಲಿಸುತ್ತದೆ. ಪ್ರಾಣಿಯ ಜೀವನಕ್ರಮವನ್ನು ಅರಿತು, ಅದಕ್ಕೆ ಬೇಕಾದ ದೂರವನ್ನು ತಾನಾಗಿ ಕೊಡುವುದು ಇವೆರಡಕ್ಕಿಂತ ಬೇರೆಯದು. ವ್ರತ ಎಂಬ ಮಾತಿಗೆ ಯೋಗ್ಯವಾದುದು ಅದು, ಏಕೆಂದರೆ ವ್ರತವನ್ನು ಯಾರೂ ನೋಡದಿದ್ದಾಗಲೂ ಪಾಲಿಸಬೇಕಾಗುತ್ತದೆ.

ನೇಮಿನಾಥ ಸ್ವಾಮಿಯ ಚರಿತ್ರೆ ಪ್ರತಿ ಜೈನ ಮನೆಯ ಮಗುವಿಗೂ ಗೊತ್ತು. ವಿವಾಹಕ್ಕೆಂದು ಹೊರಟ ರಾಜಕುಮಾರ, ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿ ರಥವನ್ನು ಹಿಂದಿರುಗಿಸಿದ. ಅದನ್ನು ವೈರಾಗ್ಯದ ಕತೆಯೆಂದು ಹೇಳುವುದು ವಾಡಿಕೆ. ಅದು ನೋಡುವವನ ಕತೆಯೂ ಹೌದು. ಆ ಮೆರವಣಿಗೆಯಲ್ಲಿದ್ದ ಎಲ್ಲರ ಕಣ್ಣಿಗೂ ಆ ಪ್ರಾಣಿಗಳು ಬಿದ್ದಿದ್ದವು. ಕಂಡದ್ದರ ಫಲವಾಗಿ ತನ್ನ ಸಂತೋಷದ ದಾರಿಯನ್ನು ಬದಲಿಸಿದವನು ಒಬ್ಬನೇ.

ಬಸದಿಗಳ ಆಡಳಿತ ಸಮಿತಿಗಳೂ ಯಾತ್ರೆಗಳನ್ನು ಏರ್ಪಡಿಸುವ ಮಂಡಳಿಗಳೂ ಈ ವಿಷಯವನ್ನು ಯೋಚಿಸಬಹುದು. ಅನೇಕ ಕ್ಷೇತ್ರಗಳು ಬೆಟ್ಟಗಳ ಮೇಲೆ, ಪ್ರಾಣಿಪಕ್ಷಿಗಳ ನೆಲೆಗಳ ನಡುವೆಯೇ ಇವೆ. ಬೆಟ್ಟದ ಕೋತಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡುವುದು ಪುಣ್ಯವೆಂದು ಯಾತ್ರಿಕರು ತಿಳಿದಿದ್ದಾರೆ. ಅದರಿಂದ ಕೋತಿ ಕಾಡಿನ ಹಣ್ಣನ್ನು ಬಿಟ್ಟು ರಸ್ತೆಯ ಬದಿಗೆ ಬಂದು ಕೂರುತ್ತದೆ, ವಾಹನಗಳಿಗೆ ಸಿಕ್ಕಿ ಸಾಯುತ್ತದೆ. ಕಗ್ಗಲಡುವಿನಂತಹ ಕಡೆ ಗೂಡುಗಳ ಕೆಳಗೆ ಗದ್ದಲವೆಬ್ಬಿಸಿದರೆ ಬೆದರಿದ ಮರಿಹಕ್ಕಿಗಳು ಗೂಡಿನಿಂದ ಬೀಳುವ ಅಪಾಯವಿದೆ. ಬುಕ್ಕಾಪಟ್ಟಣದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರೂ ಅವರ ಸಂಗಡಿಗರೂ ಚಿಂಕಾರದ ಇರುವಿಕೆಯನ್ನು ಸ್ವಯಂಚಾಲಿತ ಕ್ಯಾಮೆರಾಗಳ ನೆರವಿನಿಂದ ದಾಖಲಿಸಿದರು. ಪ್ರಾಣಿಯ ಬೆನ್ನು ಹತ್ತದೆ ಅದನ್ನು ಅರಿಯುವ ದಾರಿಗಳೂ ಇವೆ ಎಂಬುದಕ್ಕೆ ಇದು ಸಾಕ್ಷಿ. ತುಮಕೂರಿನ ಬಳಿಯ ಬಸದಿ ಬೆಟ್ಟದಲ್ಲಿ ಪಿಂಛಿಯ ಆಕಾರದ ಗುರುಮಂದಿರವನ್ನು ನೋಡಿದ ಮಕ್ಕಳಿಗೆ, ಮುನಿಗಳ ಪಿಂಛಿ ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದುದು ಎಂಬ ಸಂಗತಿಯನ್ನು ತಪ್ಪದೆ ಹೇಳಬೇಕು. ಪ್ರಾಣಿ ತಾನಾಗಿ ಕೊಟ್ಟುದನ್ನು ಮಾತ್ರ ಸ್ವೀಕರಿಸುವುದು ಗರಿಗೆ ಹೇಗೋ ನೋಟಕ್ಕೂ ಹಾಗೆಯೇ.

ಮೊಮ್ಮಗ ಆ ದಿನ ಗೋಪುರದಿಂದ ತೆಗೆದ ಒಂದು ಛಾಯಾಚಿತ್ರ ಮ‌ೇಷ್ಟ್ರ ಮನೆಯ ನಡುಮನೆಯಲ್ಲಿದೆ. ಅದರಲ್ಲಿ ಬಹುಭಾಗ ಹುಲ್ಲು, ಮೇಲೆ ಒಂದಿಷ್ಟು ಆಕಾಶ. ಬಂದವರು ಅದನ್ನು ನೋಡಿ, "ಏನು ಮೇಷ್ಟ್ರೇ, ಖಾಲಿ ಬಯಲಿನ ಚಿತ್ರವನ್ನು ಕಟ್ಟು ಹಾಕಿಸಿದ್ದೀರಿ?" ಎಂದು ಕೇಳುತ್ತಾರೆ. ಮೇಷ್ಟ್ರು ಕುರ್ಚಿಯಿಂದ ಎದ್ದು ಬಂದು ಹುರುಳಿಕಾಳಿನಷ್ಟು ಗಾತ್ರದ ಎರಡು ಚುಕ್ಕೆಗಳನ್ನು ಬೆರಳಿನಿಂದ ತೋರಿಸುತ್ತಾರೆ. ದೊಡ್ಡದು ತಾಯಿ. ಅದರ ಪಕ್ಕದಲ್ಲಿರುವುದು ಮರಿ.